ಜ್ವರದ ದಿನ ಗೈರುಹಾಜರಿಯಲ್ಲ

ಮಾಗಡಿ, ಕನಕಪುರದ ಕಡೆ ರೇಷ್ಮೆ ಸಾಕುವ ಹಳ್ಳಿಗಳಲ್ಲಿ ಹುಳು ಮನೆಯೊಳಕ್ಕೆ ಯಾರನ್ನೂ ಸುಮ್ಮನೆ ಬಿಟ್ಟುಕೊಳ್ಳುವುದಿಲ್ಲ. ಬಂದವರು ನೆಂಟರೇ ಆದರೂ ಚಪ್ಪಲಿ ಹೊರಗೆ ಬಿಟ್ಟು ಕೈಕಾಲು ತೊಳೆದು ಬರಬೇಕು. ನೋಡಿ ಹೋಗಲು ಬಂದವರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸುತ್ತಾರೆ. ಬೆಳೆ ಇಡುವ ಮೊದಲೇ ಗೋಡೆ, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆಗಳಿಗೆಲ್ಲ ಔಷಧಿ ಹೊಡೆದಿರುತ್ತಾರೆ. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕದೆ, ತಟ್ಟೆ ಅಲುಗಿಸದೆ, ಸುಣ್ಣದ ಪುಡಿ ಉದುರಿಸಿ ಅದರ ಪಾಡಿಗೆ ಬಿಡುತ್ತಾರೆ. ಮೈ ಊದಿಕೊಂಡು ಹಾಲಿನಂಥ ರಸ ಸುರಿಸುವ ಹುಳು ಒಂದೇ ಒಂದು ಕಂಡರೂ ಆ ಹೊತ್ತಿಗೇ ಆರಿಸಿ ತೆಗೆಯುತ್ತಾರೆ. ಬಿಟ್ಟರೆ ತಟ್ಟೆಗೆ ತಟ್ಟೆಯೇ ಹೋಗುತ್ತದೆ, ಗೂಡು ಮಾರುಕಟ್ಟೆಯ ಮುಖ ನೋಡುವುದಿಲ್ಲ ಎಂಬುದು ಇಲ್ಲಿನ ರೈತರ ಮನೆಯ ಸಣ್ಣ ಮಕ್ಕಳಿಗೂ ಗೊತ್ತು.

ಈ ತಿಳಿವಳಿಕೆಯ ಹಿಂದೆ ದೊಡ್ಡ ಚರಿತ್ರೆಯಿದೆ. 1865ರಲ್ಲಿ ಫ್ರಾನ್ಸಿನ ದಕ್ಷಿಣ ಭಾಗದಲ್ಲಿ ರೇಷ್ಮೆ ಬೆಳೆ ಸಾಲುಸಾಲಾಗಿ ಹಾಳಾಗುತ್ತಿದ್ದಾಗ ಲೂಯಿ ಪಾಶ್ಚರ್ ಅವರನ್ನು ಅಲೆಸ್ ಎಂಬ ಊರಿಗೆ ಕಳಿಸಲಾಯಿತು. ಬೆಳೆ ಹಾಳುಮಾಡುತ್ತಿದ್ದ ಗಂಟುರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೂ, ಹುಳುವಿನಿಂದ ಹುಳುವಿಗೂ ದಾಟುತ್ತದೆ ಎಂಬುದನ್ನು ಅವರು ಐದು ವರ್ಷ ಅಲ್ಲಿಗೆ ಹೋಗಿಬಂದು ಮಾಡಿ ಖಚಿತಪಡಿಸಿದರು. ಮೊಟ್ಟೆ ಇಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆಯನ್ನು ಕೈಬಿಡುವ ಕ್ರಮ ಅಲ್ಲಿ ಶುರುವಾಯಿತು. ರೇಷ್ಮೆ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವುದು ಅದೇ ಪರೀಕ್ಷೆ. ಒಂದು ಜೀವದಿಂದ ಇನ್ನೊಂದಕ್ಕೆ ರೋಗ ಹೇಗೆ ಹಬ್ಬುತ್ತದೆ ಎಂದು ಜಗತ್ತು ಕಲಿತದ್ದರಲ್ಲಿ ರೇಷ್ಮೆ ಹುಳುವಿನ ಪಾಲೂ ಇದೆ. ಏಷ್ಯಾದಲ್ಲೇ ದೊಡ್ಡದೆನ್ನುವ ರೇಷ್ಮೆಗೂಡು ಮಾರುಕಟ್ಟೆ ಇರುವ ರಾಮನಗರದ ಜನಕ್ಕೆ ಈ ಪಾಠವನ್ನು ಹೊರಗಿನವರು ಬಂದು ಹೇಳಿಕೊಡಬೇಕಿಲ್ಲ.

ಆದರೂ ಅದೇ ಮನೆಯ ಮಗು ಬೆಳಗ್ಗೆ ಮೈ ಸುಡುತ್ತಾ ಎದ್ದರೆ ಏನಾಗುತ್ತದೆ? ಏಳೂವರೆಗೆ ಒಂದು ಮುಚ್ಚಳ ಪ್ಯಾರಾಸಿಟಮಾಲ್ ಸಿರಪ್ಪು. ಎಂಟೂವರೆಗೆ ಮೈ ತಣ್ಣಗಾಗಿ, ಮಗು ಎದ್ದು ಎರಡು ಇಡ್ಲಿ ತಿನ್ನುತ್ತದೆ. "ಬಿಟ್ಟಿದೆ ಬಿಡು, ಹೋಗ್ಲಿ" ಎಂದು ಬ್ಯಾಗು ಹಾಕಿ ವ್ಯಾನು ಹತ್ತಿಸುತ್ತಾರೆ. ಆ ಔಷಧಿ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಬಿಸಿಯೂಟಕ್ಕೆ ಸಾಲು ಕೂರುವ ಹೊತ್ತಿಗೆ ಅದರ ಬಲ ಇಳಿದು ಜ್ವರ ಮತ್ತೆ ಏರಿರುತ್ತದೆ. ಅಷ್ಟರಲ್ಲಿ ಮಗು ಒಂದೇ ಬೆಂಚಿನಲ್ಲಿ ಮೂವರ ಜೊತೆ ಕೂತಿದೆ, ಪೆನ್ಸಿಲ್ ಹಂಚಿಕೊಂಡಿದೆ, ಒಂದೇ ಬಾಟಲಿಯಿಂದ ನೀರು ಕುಡಿದಿದೆ, ಪಕ್ಕದವರ ಮುಖದ ಹತ್ತಿರವೇ ಕೆಮ್ಮಿದೆ. ಪ್ಯಾರಾಸಿಟಮಾಲ್ ಮೈಯ ಬಿಸಿಯನ್ನು ಇಳಿಸುತ್ತದೆಯೇ ಹೊರತು ವೈರಸ್ಸನ್ನು ಕೊಲ್ಲುವುದಿಲ್ಲ, ಹರಡುವುದನ್ನೂ ತಡೆಯುವುದಿಲ್ಲ. ಈ ಅಂಕಣದಲ್ಲಿ ಒಂದೇ ಒಂದು ವಿಷಯ ನೆನಪಿಡಿ ಎಂದು ಕೇಳುವುದಾದರೆ ಇದನ್ನು ಕೇಳುತ್ತೇನೆ: ಔಷಧಿ ಹಾಕದೆಯೇ ಜ್ವರ ಬಿಟ್ಟು ಪೂರ್ತಿ 24 ಗಂಟೆ ಕಳೆದ ಮೇಲೆ ಮಾತ್ರ ಮಗು ಶಾಲೆಗೆ ಹೋಗಬೇಕು.

2025ರ ಮೇ ಕೊನೆಯಲ್ಲಿ, ಕೋವಿಡ್ ಪ್ರಕರಣಗಳು ಮತ್ತೆ ಅಲ್ಲಲ್ಲಿ ಕಾಣಿಸಿಕೊಂಡು ಶಾಲೆಗಳು ಬೇಸಿಗೆ ರಜೆ ಮುಗಿಸಿ ತೆರೆಯುವ ಹೊತ್ತಿಗೆ, ರಾಜ್ಯದ ಆರೋಗ್ಯ ಇಲಾಖೆ ಒಂದು ಸುತ್ತೋಲೆ ಹೊರಡಿಸಿತು. ಜ್ವರ, ಕೆಮ್ಮು, ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ, ವೈದ್ಯರ ಸಲಹೆಯಂತೆ ಆರೈಕೆ ಮಾಡಿ, ಪೂರ್ತಿ ಗುಣವಾದ ಮೇಲೆ ಕಳಿಸಿ; ಲಕ್ಷಣಗಳೊಂದಿಗೆ ಬಂದ ಮಗುವಿದ್ದರೆ ಪೋಷಕರಿಗೆ ತಿಳಿಸಿ ಮನೆಗೆ ವಾಪಸು ಕಳಿಸಿ ಎಂಬುದು ಅದರ ಸಾರ. ಶಿಕ್ಷಕರಿಗೂ ಸಿಬ್ಬಂದಿಗೂ ಇದೇ ಮಾತು ಅನ್ವಯ. ಮಾತು ಸರಿಯಾಗಿಯೇ ಇದೆ. ಆದರೆ ಮನೆಗೆ ಕಳಿಸಿ ಎಂದಾಗ ಆ ಮನೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಸುತ್ತೋಲೆಯಲ್ಲಿ ಉತ್ತರವಿಲ್ಲ.

ರಾಮನಗರದ ಸುತ್ತಲಿನ ನಮ್ಮ ತಾಲ್ಲೂಕುಗಳ ಬೆಳಗನ್ನು ನೋಡಿದರೆ ಇದು ಅರ್ಥವಾಗುತ್ತದೆ. ರಾಮನಗರದ ಫಿಲೇಚರುಗಳಲ್ಲಿ ಗೂಡು ಬೇಯಿಸಿ ಎಳೆ ತೆಗೆಯುವ ಹೆಂಗಸರು ಹೊತ್ತು ಹುಟ್ಟುವ ಮೊದಲೇ ಬಿಸಿನೀರಿನ ಮುಂದೆ ನಿಂತಿರುತ್ತಾರೆ. ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಹಚ್ಚುವವರಿಗೆ ಎಷ್ಟು ಪೀಸೋ ಅಷ್ಟು ಕಾಸು. ಗಾರ್ಮೆಂಟ್ಸ್‌ಗೆ ಹೋಗುವವರನ್ನು ಕರೆದೊಯ್ಯುವ ಗಾಡಿಗಳು ಹಳ್ಳಿಯ ಗೇಟುಗಳಲ್ಲಿ ಏಳಕ್ಕೆಲ್ಲ ಬಂದು ನಿಲ್ಲುತ್ತವೆ. ಬಿಡದಿಯ ಕಾರ್ಖಾನೆಗೆ ಶಿಫ್ಟಿನವರು, ಬೆಂಗಳೂರಿಗೆ ರೈಲು ಹಿಡಿಯುವವರು, ಮಾಗಡಿಯಿಂದ ಬಸ್ಸಿಗೆ ಜೋತುಬಿದ್ದು ಹೋಗುವವರು, ಎಲ್ಲರೂ ಮಗು ಏಳುವ ಹೊತ್ತಿಗೆ ಮನೆ ಬಿಟ್ಟಿರುತ್ತಾರೆ. ಒಂದು ದಿನ ತಪ್ಪಿಸಿದರೆ ಆ ದಿನದ ಕೂಲಿ ಹೋಗುತ್ತದೆ. ತಿಂಗಳ ಹಾಜರಿಗೆಂದು ಕೊಡುವ ಬೋನಸ್ಸಿರುವ ಕಡೆ ಅದೂ ಹೋಗುತ್ತದೆ. ಶಾಲೆಯಿಂದ ಫೋನು ಮಾಡಿದರೂ ಹೊಲಿಗೆ ಸಾಲಿನಲ್ಲಿ ಕೂತವಳ ಮೊಬೈಲು ಎಷ್ಟೋ ಕಡೆ ಲಾಕರಿನಲ್ಲಿರುತ್ತದೆ. ಮಗುವಿಗೆ ಸಿರಪ್ಪು ಕುಡಿಸಿ ಕಳಿಸಿದ ತಾಯಿಯನ್ನು ಬೇಜವಾಬ್ದಾರಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ. ಅವಳ ಎದುರಿಗಿದ್ದದ್ದು ಎರಡು ದಾರಿ, ಎರಡರಲ್ಲೂ ನಷ್ಟ.

ಕಾನೂನು ಕೂಡ ಅವಳ ಕೈ ಹಿಡಿಯುವುದಿಲ್ಲ. ಇಎಸ್‌ಐ ಇರುವ ಕಾರ್ಮಿಕರಿಗೆ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಸಿಗುತ್ತದೆ, ಆದರೆ ಅದು ಅವರ ಸ್ವಂತ ಕಾಯಿಲೆಗೆ; ಮಗುವಿನ ಜ್ವರಕ್ಕಲ್ಲ. ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ 2021ರಲ್ಲಿ ಸೇವಾವಧಿಯಲ್ಲಿ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಕಚೇರಿಯ ಹೆಣ್ಣುಮಗಳಿಗೆ ಸಿಕ್ಕಿದ ಈ ನ್ಯಾಯ ಫಿಲೇಚರಿನವಳಿಗೆ ಸಿಕ್ಕಿಲ್ಲ. ಗ್ರಾಮ ಪಂಚಾಯಿತಿಗಳ 'ಕೂಸಿನ ಮನೆ' ಒಳ್ಳೆಯ ಯೋಜನೆ, ಆದರೆ ಅದು ಮೂರು ವರ್ಷದೊಳಗಿನ ಕೂಸುಗಳಿಗೆ. ಜ್ವರ ಬಂದ ಎರಡನೇ ತರಗತಿಯ ಹುಡುಗನಿಗೆ ಅಲ್ಲಿ ಜಾಗವಿಲ್ಲ.

ಇನ್ನೂ ಒಂದು ಕಾರಣವಿದೆ, ಅದನ್ನು ಹೇಳಲು ಸಂಕಟವಾಗುತ್ತದೆ. ಕೆಲವು ಮಕ್ಕಳು ಕಾಯಿಲೆಯಲ್ಲೂ ಶಾಲೆಗೆ ಬರುವುದು ಊಟಕ್ಕೆ. 2013ರಿಂದ ಕ್ಷೀರಭಾಗ್ಯದ ಹಾಲು, ಅಕ್ಷರ ದಾಸೋಹದ ಬಿಸಿಯೂಟ, ಈಚೆಗೆ ಮೊಟ್ಟೆ, ರಾಗಿ ಮಾಲ್ಟ್ ಎಲ್ಲ ಸೇರಿ ಬಡವರ ಮಗುವಿಗೆ ದಿನದ ಒಳ್ಳೆಯ ಊಟ ಸಿಗುವುದು ಶಾಲೆಯಲ್ಲೇ. ಮನೆಯಲ್ಲಿ ಉಳಿದರೆ ಅದು ತಪ್ಪುತ್ತದೆ, ಅದೂ ಮೈಗೆ ಆಹಾರ ಹೆಚ್ಚು ಬೇಕಾದ ದಿನವೇ. ಕೋವಿಡ್ ಕಾಲದಲ್ಲಿ ಇದೇ ಅಕ್ಷರ ದಾಸೋಹದ ಅಕ್ಕಿ ಬೇಳೆಯನ್ನು ಪೋಷಕರ ಕೈಗೆ ಕೊಟ್ಟದ್ದುಂಟು. ಇಡೀ ರಾಜ್ಯಕ್ಕೆ ಆಗ ಸಾಧ್ಯವಾದದ್ದು ಜ್ವರದಿಂದ ಮನೆಯಲ್ಲಿರುವ ನಾಲ್ಕು ಮಕ್ಕಳಿಗೆ ಈಗ ಅಸಾಧ್ಯವಾಗಬಾರದು. ಅಣ್ಣನೋ ಅಕ್ಕನೋ ಅದೇ ಶಾಲೆಯಲ್ಲಿದ್ದರೆ ಅವರ ಕೈಗೆ ಮೊಟ್ಟೆ, ಬಾಳೆಹಣ್ಣು ಕೊಟ್ಟು ಕಳಿಸಲು ಅವಕಾಶವಿರಬೇಕು.

ಶಾಲೆಗಳ ಕಡೆಯಿಂದಲೂ ಒತ್ತಡ ಕಡಿಮೆಯಿಲ್ಲ. ವಾರ್ಷಿಕೋತ್ಸವದಲ್ಲಿ ನೂರಕ್ಕೆ ನೂರು ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿ ಸರ್ಕಾರಿ ಶಾಲೆಯಲ್ಲೂ ಇದೆ, ಖಾಸಗಿ ಶಾಲೆಯಲ್ಲೂ ಇದೆ. ಆ ಸ್ಟೀಲ್ ತಟ್ಟೆಗಾಗಿ, ಸರ್ಟಿಫಿಕೇಟಿಗಾಗಿ ಕೆಮ್ಮುತ್ತಲೇ ಬಂದು ಕೂರುವ ಮಕ್ಕಳಿದ್ದಾರೆ. ಅವರನ್ನು ಹುರಿದುಂಬಿಸಿ ಕಳಿಸುವ ಅಪ್ಪಂದಿರಿದ್ದಾರೆ. ವರ್ಷದಲ್ಲಿ ಒಂದು ದಿನವೂ ಕಾಯಿಲೆ ಬೀಳದಿರುವುದು ಮಗುವಿನ ಅದೃಷ್ಟ. ಕಾಯಿಲೆ ಬಿದ್ದೂ ಬಂದಿದ್ದರೆ ಅದನ್ನು ಮೆಚ್ಚಿ ಚಪ್ಪಾಳೆ ತಟ್ಟುವಂಥದ್ದೇನಿಲ್ಲ. ಇನ್ನು ಎಸ್‌ಎಸ್‌ಎಲ್‌ಸಿಗೆ ಶೇ 75 ಹಾಜರಾತಿಯ ನಿಯಮದ ಭಯ ಹತ್ತನೇ ತರಗತಿಗೆ ಬರುವ ಮೊದಲೇ ಮನೆಮನೆ ಹೊಕ್ಕಿದೆ. ಎರಡು ದಿನದ ಜ್ವರಕ್ಕೂ ವೈದ್ಯರ ಸರ್ಟಿಫಿಕೇಟು ಕೇಳುವ ಶಾಲೆಗಳಿವೆ. ಒಂದು ಚೀಟಿಗಾಗಿ ತಾಯಿ ಮಗುವನ್ನು ಎತ್ತಿಕೊಂಡು ಕ್ಲಿನಿಕ್ಕಿನ ಬೆಂಚಿನಲ್ಲಿ ಹತ್ತು ರೋಗಿಗಳ ನಡುವೆ ಕಾಯಬೇಕು, ಫೀಸು ತೆರಬೇಕು. ಇದಕ್ಕಿಂತ ಶಾಲೆಗೆ ಕಳಿಸುವುದೇ ಸುಲಭ ಎಂದು ಅವಳಿಗೆ ಅನ್ನಿಸಿದರೆ ತಪ್ಪೇನು? ಮೂರು ದಿನದೊಳಗಿನ ಕಾಯಿಲೆಗೆ ತಂದೆತಾಯಿ ಬರೆದ ರಜೆ ಚೀಟಿ ಸಾಕು. ಬರೆಯಲು ಬಾರದವರ ಬಾಯಿಮಾತೂ ಸಾಕು.

ಹಾಗೆಂದು ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ನಮಗೆ ಹೊಸದಲ್ಲ. ಮಗುವಿಗೆ 'ಅಮ್ಮ' (ಸೀತಾಳೆ ಸಿಡುಬು) ಬಂದರೆ ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಹೊರಗಿನವರು ಬರುವುದಿಲ್ಲ, ಮಗು ಹೊರಗೆ ಹೋಗುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ನೀರು ಹಾಕುವ ಶಾಸ್ತ್ರ ಮುಗಿಯುವ ತನಕ ಶಾಲೆಯ ಮಾತೇ ಇಲ್ಲ. ಯಾವ ಮೇಷ್ಟರೂ ಇದನ್ನು ಪ್ರಶ್ನಿಸುವುದಿಲ್ಲ, ಫಿಲೇಚರಿನ ಮಾಲೀಕರೂ ಆ ಮನೆಯವರನ್ನು ಬಾ ಎಂದು ಒತ್ತಾಯಿಸುವುದಿಲ್ಲ. ಈ ಆಚರಣೆಯಲ್ಲಿ ವೈದ್ಯರನ್ನು ದೂರ ಇಡುವ ಅಪಾಯವಿದೆ. ಜ್ವರ ಏರಿದ, ಉಸಿರು ಕಟ್ಟುವ ಮಗುವನ್ನು ಆಸ್ಪತ್ರೆಗೆ ಒಯ್ಯದೆ ಬೇವಿನ ಸೊಪ್ಪನ್ನೇ ನೆಚ್ಚಿ ಕೂರಬಾರದು. ಆದರೆ ದೂರ ಇರುವ ವಿಷಯದಲ್ಲಿ ಹಿರಿಯರ ಲೆಕ್ಕ ಸರಿಯಾಗಿತ್ತು. ಸೀತಾಳೆ ಸಿಡುಬಿನ ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಅದು ಹರಡುತ್ತಲೇ ಇರುತ್ತದೆ. ಅಮ್ಮನಿಗೆ ಕೊಡುವ ಈ ಮರ್ಯಾದೆಯನ್ನು ನಾವು ಉಳಿದ ಜ್ವರಗಳಿಗೆ ಕೊಡುತ್ತಿಲ್ಲ.

ಎಲ್ಲ ಕಾಯಿಲೆಗೂ ಒಂದೇ ಲೆಕ್ಕವಿಲ್ಲ ಎಂಬುದನ್ನೂ ಹೇಳಬೇಕು. ಬರೀ ಮೂಗು ಸೋರುತ್ತಿದೆ, ಜ್ವರವಿಲ್ಲ, ಮಗು ಆಡುತ್ತಿದೆ, ತಿನ್ನುತ್ತಿದೆ ಎಂದಾದರೆ ಶಾಲೆಗೆ ಕಳಿಸಬಹುದು. ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿ ಬರುವುದು ಸಹಜ. ಪ್ರತಿ ನೆಗಡಿಗೂ ವಾರ ಮನೆಯಲ್ಲಿ ಕೂರಿಸಿದರೆ ಓದು ಕೈತಪ್ಪುತ್ತದೆ. ಬ್ರಿಟನ್ನಿನ ಆರೋಗ್ಯ ಸೇವೆಯ ಸಲಹೆಯೂ ಇದೇ: ಸಣ್ಣ ಕೆಮ್ಮು ನೆಗಡಿಗೆ ಬೇಡ, ಜ್ವರವಿದ್ದರೆ ಮನೆಯಲ್ಲಿರಲಿ. ನಮ್ಮ ಸುತ್ತೋಲೆ ನೆಗಡಿಯನ್ನೂ ಸೇರಿಸಿದ್ದು ಕೋವಿಡ್ ಎಚ್ಚರದ ದಿನಗಳ ಮಾತು. ಎಲ್ಲ ಕಾಲಕ್ಕೂ ಪಾಲಿಸಬಹುದಾದ ಗೆರೆ ಬೇಕೆಂದರೆ ಅದು ಜ್ವರದ ಗೆರೆಯೇ.

ವಾಂತಿಭೇದಿಯಾದರೆ ನಿಂತ ಮೇಲೂ ಎರಡು ದಿನ ಕಾಯಬೇಕು. ಮಂಗನಬಾವಿಗೆ ಕೆನ್ನೆ ಊದಿದ ಮೇಲೆ ಐದು ದಿನ. ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿರುವುದು ದಡಾರ ಮತ್ತು ರುಬೆಲ್ಲಾ ಲಸಿಕೆ; ಮಂಗನಬಾವಿನದು ಅದರಲ್ಲಿಲ್ಲ. ಆದ್ದರಿಂದ ಆ ಕಾಯಿಲೆ ಒಂದು ತರಗತಿಗೆ ಹೊಕ್ಕರೆ ಬೇಗ ಸುತ್ತುತ್ತದೆ. ಕೈ, ಕಾಲು, ಬಾಯಲ್ಲಿ ಗುಳ್ಳೆ ಏಳುವ ಜ್ವರ ಅಂಗನವಾಡಿ, ಎಲ್‌ಕೆಜಿ ಮಕ್ಕಳಲ್ಲಿ ಹೆಚ್ಚು. ಜ್ವರ ಬಿಟ್ಟು ಗುಳ್ಳೆ ಒಣಗುವ ತನಕ ಮನೆಯೇ ಸರಿ, ಆಮೇಲೂ ಕೆಲವು ವಾರ ಮಲದಲ್ಲಿ ವೈರಸ್ ಇರುವುದರಿಂದ ಸೋಪು ಹಾಕಿ ಕೈ ತೊಳೆಯುವುದನ್ನು ಬಿಡುವಂತಿಲ್ಲ. ದಡಾರವಂತೂ ಎಲ್ಲಕ್ಕಿಂತ ಬಿರುಸು. ಲಸಿಕೆಯಾಗದ ಜನರ ನಡುವೆ ಒಬ್ಬ ರೋಗಿಯಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ತಗಲಬಲ್ಲದು. ರೋಗಿ ಎದ್ದುಹೋದ ಮೇಲೂ ಆ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿದಿರುತ್ತದೆ. ದದ್ದು ಕಂಡ ದಿನದಿಂದ ನಾಲ್ಕು ದಿನ ಮನೆಯಲ್ಲಿರಬೇಕು. ಒಂಬತ್ತು ತಿಂಗಳಿಗೆ ಒಂದು, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಚುಚ್ಚುಮದ್ದು ಹಾಕಿಸಿದ್ದೀರಾ ಎಂದು ತಾಯಿ ಕಾರ್ಡು ತೆಗೆದು ನೋಡಿ. ಹೇನಿಗೆ ಮಾತ್ರ ಯಾವ ಮಗುವನ್ನೂ ಶಾಲೆಯಿಂದ ಕಳಿಸಬೇಕಿಲ್ಲ. ಅದರಿಂದ ರೋಗ ಬರುವುದಿಲ್ಲ, ಮಗುವಿಗೆ ಅವಮಾನವಷ್ಟೇ ಆಗುತ್ತದೆ.

ಡೆಂಗಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಅದು ಮಗುವಿನಿಂದ ಮಗುವಿಗೆ ನೇರವಾಗಿ ಹರಡುವುದಿಲ್ಲ, ಹಾಗಾದರೆ ಶಾಲೆಗೆ ಕಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಆದರೆ ಅದನ್ನು ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಮಕ್ಕಳು ಶಾಲೆಯಲ್ಲಿರುವ ಹೊತ್ತಲ್ಲೇ. ಜ್ವರದ ಮೊದಲ ನಾಲ್ಕೈದು ದಿನ ಮಗುವಿನ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಕಚ್ಚಿದ ಸೊಳ್ಳೆ ಮುಂದೆ ಇಡೀ ತರಗತಿಗೆ ಅದನ್ನು ಹಂಚಬಲ್ಲದು. ಹೀಗಾಗಿ ಜ್ವರದ ಮಗು ಹಗಲಲ್ಲೂ ಸೊಳ್ಳೆಪರದೆಯೊಳಗೆ ಮಲಗಬೇಕು. ಇದಕ್ಕಿಂತ ಮುಖ್ಯ ಸಂಗತಿ ಇನ್ನೊಂದಿದೆ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವಾಗ, ಮೂರನೇ ದಿನದಿಂದ ಏಳನೇ ದಿನದ ನಡುವೆ. ಮೈ ತಣ್ಣಗಿದೆ ಎಂದು ತಾಯಿ ಸಮಾಧಾನಪಟ್ಟ ಹೊತ್ತಿಗೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಲ್ಲಿ ರಕ್ತ, ಮಂಕು ಕಾಣಿಸಿಕೊಳ್ಳಬಹುದು. ಅಂಥ ಮಗು ಆ ದಿನ ತರಗತಿಯ ಹಿಂದಿನ ಬೆಂಚಿನಲ್ಲಿ ತಲೆ ಆನಿಸಿ ಮಲಗಿದ್ದರೆ, ನಿದ್ದೆ ಬಂದಿದೆ ಎಂದುಕೊಂಡು ಸುಮ್ಮನಿರುವವರೇ ಹೆಚ್ಚು. ಡೆಂಗಿ ಎಂದು ಗೊತ್ತಾದ ಮಗುವಿಗೆ ಜ್ವರ ಬಿಟ್ಟ 24 ಗಂಟೆಯ ಲೆಕ್ಕ ಸಾಲದು. ವೈದ್ಯರು ಹೋಗಲಿ ಎಂದ ಮೇಲೆಯೇ ಕಳಿಸಿ.

ಮಗು ಹೊತ್ತು ತರುವ ಜ್ವರ ಮನೆಯಲ್ಲಿ ಯಾರಿಗೆ ತಗಲುತ್ತದೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ. ತಂದೆತಾಯಿ ಬೆಂಗಳೂರಿಗೆ ಹೋದ ಮೇಲೆ ಮಕ್ಕಳನ್ನು ನೋಡಿಕೊಳ್ಳುವುದು ಸಕ್ಕರೆ ಕಾಯಿಲೆಯ ಅಜ್ಜಿ, ದಮ್ಮಿನ ತಾತ. ಮಕ್ಕಳಿಗೆ ಮೂರು ದಿನದಲ್ಲಿ ಇಳಿಯುವ ಫ್ಲೂ ಅವರನ್ನು ಆಸ್ಪತ್ರೆಗೆ ಸೇರಿಸಬಲ್ಲದು. ಜಪಾನಿನಲ್ಲಿ 1962ರಿಂದ 1994ರವರೆಗೆ ಶಾಲಾ ಮಕ್ಕಳಿಗೆ ಫ್ಲೂ ಲಸಿಕೆ ಹಾಕುತ್ತಿದ್ದರು. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದರ ಫಲವನ್ನು ಲೆಕ್ಕ ಹಾಕಿ, ವರ್ಷಕ್ಕೆ 37,000ದಿಂದ 49,000 ಸಾವುಗಳು, ಹೆಚ್ಚಾಗಿ ವಯಸ್ಸಾದವರದು, ತಪ್ಪಿದ್ದವು ಎಂದು ಅಂದಾಜಿಸಿತು. ಲಸಿಕೆ ಹಾಕಿದ್ದು ಮಕ್ಕಳಿಗೆ, ಉಳಿದದ್ದು ಅಜ್ಜ ಅಜ್ಜಿಯರ ಜೀವ.

ಅದೇ ಜಪಾನಿನಲ್ಲಿ ನಾವು ಕಲಿಯಬೇಕಾದ ಇನ್ನೊಂದು ಕ್ರಮವಿದೆ. ಫ್ಲೂ ಬಂದ ವಿದ್ಯಾರ್ಥಿ, ಕಾಯಿಲೆ ಕಾಣಿಸಿಕೊಂಡು ಐದು ದಿನ, ಜ್ವರ ಬಿಟ್ಟು ಎರಡು ದಿನ ಕಳೆಯುವ ತನಕ ಶಾಲೆಗೆ ಬರುವಂತಿಲ್ಲ; ಕಾನೂನೇ ತಡೆಯುತ್ತದೆ. ಆ ದಿನಗಳನ್ನು ಗೈರುಹಾಜರಿ ಎಂದು ಎಣಿಸುವುದಿಲ್ಲ, ಬರಬೇಕಾದ ದಿನಗಳ ಲೆಕ್ಕದಿಂದಲೇ ಕಳೆಯುತ್ತಾರೆ. ಮಗುವಿನ ಹಾಜರಾತಿಗೆ ಒಂದು ಚುಕ್ಕೆಯೂ ಬೀಳುವುದಿಲ್ಲ. ಇದಕ್ಕೆ ದುಡ್ಡು ಬೇಡ, ಕಟ್ಟಡ ಬೇಡ. ಹಾಜರಿ ಪುಸ್ತಕದಲ್ಲಿ ಒಂದು ಬೇರೆ ಗುರುತು ಸಾಕು. ಸುಳ್ಳು ಹೇಳಿ ರಜೆ ಹಾಕುವವರು ಹೆಚ್ಚುತ್ತಾರೆ ಎಂದು ಹೆದರುವ ಶಿಕ್ಷಕರಿಗೆ ಒಂದು ಮಾತು: ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಯಾರಿಗೆ ಜ್ವರ ಎಂಬುದು ಗೊತ್ತಿರುತ್ತದೆ. ಒಂದು ಫೋನಿನಲ್ಲಿ ವಿಷಯ ತಿಳಿಯುತ್ತದೆ, ಒಂದೇ ಬೀದಿಯಲ್ಲಿ ನಾಲ್ಕು ಮಕ್ಕಳಿಗೆ ಜ್ವರ ಎಂಬ ಸುದ್ದಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಬೇಗ ತಲುಪುತ್ತದೆ.

ಶಾಲೆ ಮುಚ್ಚುವುದರ ನೋವನ್ನು ನಾವು ಕಂಡಿದ್ದೇವೆ. 2020ರ ಮಾರ್ಚಿನಲ್ಲಿ ಬಾಗಿಲು ಹಾಕಿದ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದೂವರೆ ವರ್ಷ ಮೀರಿ ಅಕ್ಷರದಿಂದ ದೂರವಿದ್ದ ಮಕ್ಕಳು ಇನ್ನೂ ಚೇತರಿಸಿಕೊಳ್ಳುತ್ತಿದ್ದಾರೆ. ಮತ್ತೆ ಅಂಥ ದಿನ ಬರಬಾರದು ಎನ್ನುವವರು ಜ್ವರದ ಒಂದು ಮಗುವನ್ನು ಎರಡು ದಿನ ಮನೆಯಲ್ಲಿಡುವ ವ್ಯವಸ್ಥೆಯನ್ನು ಮೊದಲು ಮಾಡಬೇಕು.

ಪ್ರತಿ ಸರ್ಕಾರಿ ಶಾಲೆಯಲ್ಲೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅದರಲ್ಲಿ ತಂದೆತಾಯಂದಿರೇ ಇದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಎಸ್‌ಡಿಎಂಸಿ ಸದಸ್ಯರಲ್ಲಿ, ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಲ್ಲಿ ನನ್ನ ಬೇಡಿಕೆ ಇಷ್ಟು: ಮುಂದಿನ ಸಭೆಯಲ್ಲಿ ಪೂರ್ಣ ಹಾಜರಾತಿಯ ಬಹುಮಾನವನ್ನು ಕೈಬಿಡಿ, ಎರಡು ಮೂರು ದಿನದ ಜ್ವರಕ್ಕೆ ಸರ್ಟಿಫಿಕೇಟು ಕೇಳುವುದನ್ನು ನಿಲ್ಲಿಸಿ, ತಪ್ಪಿದ ಕಿರುಪರೀಕ್ಷೆಯನ್ನು ಮತ್ತೆ ಬರೆಸಿ. ಕಾರ್ಖಾನೆ, ಫಿಲೇಚರುಗಳ ಮಾಲೀಕರು ಮಗುವಿನ ಕಾಯಿಲೆಗೆಂದು ವರ್ಷಕ್ಕೆ ಕೆಲವು ದಿನ ಸಂಬಳದ ರಜೆ ಕೊಡಿ, ಶಾಲೆಯಿಂದ ಬಂದ ಫೋನನ್ನು ಹೊಲಿಗೆ ಸಾಲಿನವರೆಗೆ ಮುಟ್ಟಿಸಿ. ಶಿಕ್ಷಣ ಇಲಾಖೆ ಕಾಯಿಲೆಯ ದಿನಗಳನ್ನು ಹಾಜರಾತಿಯ ಲೆಕ್ಕದಿಂದ ಹೊರಗಿಡುವ ಆದೇಶವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಹೊರಡಿಸಲಿ.